ಮಗಳ ಹಸಿವು ಹೊತ್ತವಳು

ಹಸಿವನ್ನು ಸಾಯಿಸಲು ಬರುವುದಿಲ್ಲ, ಒಬ್ಬರಿಂದ ಇಳಿಸಿ ಇನ್ನೊಬ್ಬರಿಗೆ ಹೊರಿಸಬಹುದು ಅಷ್ಟೆ ಎಂದು ಡಾಕ್ಟರ್ ರೇಹಾನಾ ಹೇಳಿದಾಗ ದೇವೀರಮ್ಮನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ತಪ್ಪಲೆಯ ತಳದಲ್ಲಿ ಒಂದೇ ಮುದ್ದೆ ಉಳಿದಾಗ "ನಂಗೆ ಹಸಿವಿಲ್ಲ ಕಣ್ರೋ, ನೀವುಣ್ಣಿ" ಎಂದು ಅವಳ ಅವ್ವ ಮಕ್ಕಳ ತಟ್ಟೆಗೆ ಮುರಿದು ಹಾಕುತ್ತಿದ್ದುದು ಇದೇ ವಿದ್ಯೆ ತಾನೆ. ಆಗ ಯಂತ್ರವಿರಲಿಲ್ಲ, ಈಗ ಇದೆ.

ಜಿಲ್ಲಾ ಕೇಂದ್ರದ ಆ ಆಸ್ಪತ್ರೆಯ ಮೇಲಿನ ಮಹಡಿಗೆ ಜನ 'ಹಸಿವಿನ ಕೋಣೆ' ಎಂದು ಹೆಸರಿಟ್ಟಿದ್ದರು. ಗಾಜಿನ ಗೋಡೆಯಾಚೆ ದೊಡ್ಡ ಪರದೆಗಳು. ಒಂದೊಂದರಲ್ಲೂ ಹಸಿರು ಗೆರೆಗಳು ಕೆರೆಯ ನೀರಿನ ಹಾಗೆ ಏಳುತ್ತ ಬೀಳುತ್ತ ಇದ್ದವು. ಒಂದು ಗೆರೆ ಎಂದರೆ ಯಾವುದೋ ಊರಿನ ಯಾವುದೋ ಮಗುವಿನ ಹಸಿವು. ಹತ್ತು ಹನ್ನೆರಡು ವರ್ಷಗಳಲ್ಲಿ ಹಳ್ಳಿ ಪೇಟೆಯೆನ್ನದೆ ಹರೆಯದ ಮಕ್ಕಳು ಊದಿಕೊಂಡು, ಹದಿನೈದಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಂತಾದ ಮೇಲೆ ಸರ್ಕಾರ ತೆರೆದ ವಿಭಾಗ ಅದು.

ಡಾಕ್ಟರು ಅಂಗೈ ಮೇಲೆ ಎರಡು ಕಾಳು ಇಟ್ಟುಕೊಂಡು ತೋರಿಸಿದರು. ರಾಗಿಗಿಂತ ತುಸು ದಪ್ಪ.

"ಹೊಟ್ಟೆಯಿಂದ ಮಿದುಳಿಗೆ ಒಂದು ನರ ಹೋಗುತ್ತೆ ನೋಡಿಯಮ್ಮ. ಒಳಗೆ ಏನೋ ಬೇಕು ಅಂತ ಕೂಗಿದರೆ ಆ ಕೂಗನ್ನ ಮೇಲಕ್ಕೆ ಒಯ್ಯೋದು ಅದೇ. ಒಂದು ಕಾಳನ್ನ ನಿಮ್ಮ ಮಗಳ ಕತ್ತಿನಲ್ಲಿ, ಚರ್ಮದ ಕೆಳಗೆ ಕೂರಿಸ್ತೀವಿ. ಕೂಗು ಮಿದುಳಿಗೆ ಮುಟ್ಟೋ ಮೊದಲೇ ಅದು ಹಿಡಿದು, ಫೋನಿನ ಮಾತು ಹೋದ ಹಾಗೆ ಇನ್ನೊಂದು ಕಾಳಿಗೆ ಕಳಿಸುತ್ತೆ. ಆ ಕಾಳು ಯಾರ ಕತ್ತಲ್ಲಿ ಇರುತ್ತೋ ಅವರಿಗೆ ಹಸಿವಾಗುತ್ತೆ."

"ಸುಮ್ನೆ ಅಳಿಸ್ಬುಟ್ರೆ ಆಗಕಿಲ್ವಾ?" ಎಂದು ಕೇಳಿದಳು ದೇವೀರಮ್ಮ.

"ಮಾಡಿ ನೋಡಿದ್ವಿ. ಕೇಳೋರು ಯಾರೂ ಇಲ್ಲ ಅಂತ ಗೊತ್ತಾದರೆ ದೇಹ ಇನ್ನೂ ಜೋರಾಗಿ ಕೂಗುತ್ತೆ, ಬೇರೆ ದಾರಿ ಹುಡುಕುತ್ತೆ. ಎಲ್ಲಾದರೂ ಒಬ್ಬರು ಕೇಳಿಸಿಕೊಳ್ಳಲೇಬೇಕು. ಹೆತ್ತವರಾದರೆ ಕಾಳುಗಳು ಬೇಗ ಹೊಂದಿಕೊಳ್ಳುತ್ತವೆ."

ಪಕ್ಕದಲ್ಲಿ ಕೂತಿದ್ದ ಇಂಚರ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಹದಿನೈದು ತುಂಬಿತ್ತು. ಕುರ್ಚಿಯ ಕೈಗಳು ಒತ್ತುತ್ತಿದ್ದುದರಿಂದ ಅಂಚಿಗೆ ಸರಿದು ಕೂತಿದ್ದಳು. "ನೋವಾಯ್ತದಾ?" ಎಂದಷ್ಟೇ ಕೇಳಿದಳು.

"ಇರುವೆ ಕಚ್ಚಿದಷ್ಟು," ಎಂದು ನಕ್ಕ ಡಾಕ್ಟರು ಮತ್ತೆ ತಾಯಿಯ ಕಡೆ ತಿರುಗಿದರು. "ಆರು ತಿಂಗಳು ಮಾತ್ರ. ಈ ಹಸಿವು ನಿಮ್ಮ ಹತ್ತಿರ ಇಟ್ಟ ಸಾಮಾನು ಅಂದ್ಕೊಳ್ಳಿ. ಎಷ್ಟು ಹಸಿವು ಅಂತ ಈ ಪರದೆ ಹೇಳುತ್ತೆ. ಎಂಥಾ ಹಸಿವು ಅಂತ ಹೊತ್ತವರೇ ಹೇಳಬೇಕು. ವಾರಕ್ಕೊಂದು ಸಲ ನರ್ಸ್ ಫೋನ್ ಮಾಡ್ತಾರೆ, ಬಿಚ್ಚಿ ಹೇಳಿ. ಬೇರು ಎಲ್ಲಿದೆ ಅಂತ ಗೊತ್ತಾದರೆ ಅದನ್ನ ಸರಿಮಾಡಿ ಹಸಿವನ್ನ ಅವಳಿಗೇ ವಾಪಸ್ ಕೊಡ್ತೀವಿ. ಆರು ತಿಂಗಳು ದಾಟಿದರೆ ಅವಳ ನರ ಆ ದಾರೀನೇ ಮರೆತುಬಿಡುತ್ತೆ. ಇನ್ನೊಂದು ಮಾತು. ಈ ವಯಸ್ಸಿನ ಮಕ್ಕಳ ಒಪ್ಪಿಗೆ ಇಲ್ಲದೆ ಹಸಿವು ತೆಗೆಯೋ ಹಾಗೂ ಇಲ್ಲ, ವಾಪಸ್ ಕೊಡೋ ಹಾಗೂ ಇಲ್ಲ."

"ಒಪ್ಪಿಗೆ," ಎಂದಳು ಇಂಚರ, ಅವರು ಕೇಳುವ ಮೊದಲೇ.

ಹುಡುಗಿ ಹುಟ್ಟಿನಿಂದ ದಪ್ಪಗಿದ್ದವಳಲ್ಲ. ಏಳನೇ ತರಗತಿಯವರೆಗೆ ಕಲ್ಲುದೇವನಕೊಪ್ಪಲಿನ ಬೀದಿಯಲ್ಲಿ ಅವಳು ನಡೆದದ್ದನ್ನು ಕಂಡವರಿಲ್ಲ, ಓಡಿದ್ದನ್ನೇ ಕಂಡದ್ದು. ಖೊಖೊ ಆಟದಲ್ಲಿ ಕಂಬ ಹಿಡಿದು ತಿರುಗಿದಳೆಂದರೆ ಅಟ್ಟಿಸಿಕೊಂಡು ಬಂದವರ ಕೈಗೆ ಅವಳ ಲಂಗದ ಗಾಳಿಯೂ ಸಿಗುತ್ತಿರಲಿಲ್ಲ. ಹೋಬಳಿಯಲ್ಲಿ ಗೆದ್ದು ಇನ್ನೇನು ತಾಲ್ಲೂಕಿಗೆ ಹೋಗಬೇಕು ಎನ್ನುವಾಗ ದೊಡ್ಡವಳಾದಳು. ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಿದ. ನೆಂಟರು ಸರದಿಯ ಮೇಲೆ ಕೊಬ್ಬರಿ ಬೆಲ್ಲ, ಚಿಗಳಿ, ತುಪ್ಪ, ನಾಟಿ ಕೋಳಿ ಮೊಟ್ಟೆ ತಂದು "ಸೊಂಟ ಗಟ್ಟಿಯಾಗ್ಬೇಕು, ತಿನ್ನು ಕೂಸೇ" ಎಂದು ಬಾಯಿಗಿಟ್ಟರು. ಅದು ಎಲ್ಲ ಹೆಣ್ಣುಮಕ್ಕಳಿಗೂ ಇಡುವುದೇ. ತಿಂದು ಓಡಿದ್ದರೆ ಕರಗಿಹೋಗುತ್ತಿತ್ತು. ಆದರೆ ಗುಡ್ಲು ಕಿತ್ತ ದಿನ ದೇವೀರಮ್ಮನ ಅತ್ತೆ ಕೆಂಪಮ್ಮ, ಬೀದಿಯ ಕೊನೆಯಲ್ಲಿ ಹಿರಿಮಗನ ಮನೆಯಲ್ಲಿರುವವಳು, ಬಂದು ನಡುಮನೆಯಲ್ಲಿ ಕೂತಳು.

"ಇನ್ನು ಓಡೋದು ಜಿಗಿಯೋದು ಮುಗೀತು ಕಣಮ್ಮಿ," ಎಂದಳು. "ನೀನು ಗಾರ್ಮೆಂಟ್ಸಿಗೆ ಹೋಯ್ತೀಯ, ನನ್ನ ಮಗ ಹಾಲಿನ ಟ್ಯಾಂಕರ್ ಮೇಲೆ ಹೋದ್ರೆ ಮೂರು ದಿನ ಮನೆ ಕಡೆ ಬರಕಿಲ್ಲ. ಬೆಳೆದ ಹುಡುಗಿ ಬಯಲಲ್ಲಿ ಕುಣೀತಾ ಇದ್ರೆ ಕಾಯೋರ್ಯಾರು? ಇಸ್ಕೂಲಿಗೆ ವ್ಯಾನಲ್ಲಿ ಹೋಗ್ಲಿ, ವ್ಯಾನಲ್ಲಿ ಬರ್ಲಿ. ಬಂದೋಳು ಒಳಗಿಂದ ಚಿಲಕ ಹಾಕ್ಕಂಡು ಕೂರ್ಲಿ, ನೀನು ಬರಗಂಟ."

ದೇವೀರಮ್ಮ ಎದುರಾಡಲಿಲ್ಲ. ಅವಳಿಗೂ ಒಳಗೆ ಭಯವಿತ್ತು. ಮುಂಜಾನೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಇಳಿಯುವುದು ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತು ಚಿಲಕದೊಳಗೆ ಒಬ್ಬಳೇ ಇರುವ ಮಗುವಿಗೆ ಏನಾದರೂ ಇಟ್ಟು ಬರಬೇಕಲ್ಲ ಎಂದು ಫ್ಯಾಕ್ಟರಿ ಗೇಟಿನ ಬೇಕರಿಯಿಂದ ಕ್ರೀಮ್ ಬನ್ನು, ಪಫ್ಸು, ಚಿಪ್ಸಿನ ಪೊಟ್ಟಣ ಕಟ್ಟಿಸಿಕೊಂಡು ಬರತೊಡಗಿದಳು. ಓವರ್‌ಟೈಮು ಇದ್ದು ತಡವಾದ ದಿನ ಪೊಟ್ಟಣ ದೊಡ್ಡದಾಗುತ್ತಿತ್ತು. "ಅವ್ವ ಬತ್ತಾಳೆ, ತಿಂತಾ ಇರು" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಮಗು ತಿನ್ನುತ್ತಾ ಇತ್ತು. ಮೂರು ವರ್ಷದಲ್ಲಿ ಹುಡುಗಿ ಎರಡರಷ್ಟಾದಳು. ವ್ಯಾನಿನ ಹುಡುಗರು "ಆ ಕಡೆ ಕೂರ್ಬ್ಯಾಡ ಕಣಮ್ಮಿ, ವ್ಯಾನು ವಾಲ್ತದೆ" ಎನ್ನುತ್ತಿದ್ದರು. ಇಂಚರ ಅವರ ಜೊತೆ ತಾನೂ ನಗುತ್ತಿದ್ದಳಂತೆ. ಮನೆಗೆ ಬಂದು ಚಿಲಕ ಹಾಕಿಕೊಂಡ ಮೇಲೆ ಏನು ಮಾಡುತ್ತಿದ್ದಳೋ ಕಂಡವರಿಲ್ಲ, ಕಸದ ಬುಟ್ಟಿಯಲ್ಲಿ ಪೊಟ್ಟಣಗಳು ಮಾತ್ರ ಕಾಣುತ್ತಿದ್ದವು.

ಕಾಳು ಕೂರಿಸಿದ ಮರುದಿನವೇ ಅದು ಬಂತು. ದೇವೀರಮ್ಮ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಮಧ್ಯಾಹ್ನ ಉಂಡ ಮುದ್ದೆ ಇನ್ನೂ ಹೊಟ್ಟೆಯಲ್ಲಿ ಭಾರವಾಗಿ ಕೂತಿತ್ತು. ವ್ಯಾನು ಊರಿಗೆ ಬಂದು ಮಗಳು ಇಳಿದಿರಬೇಕು ಅಂದುಕೊಳ್ಳುವಷ್ಟರಲ್ಲಿ ಎದೆಗೂಡಿನ ಕೆಳಗೆ ಯಾರೋ ಕೈ ಹಾಕಿ ಬಗೆದಂತಾಯಿತು. ಹೊಲಿಗೆ ಸೊಟ್ಟಗಾಯಿತು. ಪಕ್ಕದ ಯಂತ್ರದ ಶಕುಂತಲ ಬಗ್ಗಿ ನೋಡಿದಳು.

"ಏನಕ್ಕೋ, ಈ ವಯಸ್ನಲ್ಲಿ ಬಯಕೆ ಗಿಯಕೆ ಹತ್ತಿಸ್ಕಂಡ್ಯಾ? ಮುಖ ಹಂಗೆ ಮಾಡ್ಕಂಡಿದ್ದೀಯ!"

"ಮುಚ್ಕಂಡು ಹೊಲಿಯೇ ಅಮ್ಮಿ," ಎಂದಳು ದೇವೀರಮ್ಮ. "ನನ್ನ ಮಗಳಿಗೆ ಹಸಿವಾಗದೆ."

"ಮಗಳು ಅಲ್ಲಿ, ಹಸಿವು ಇಲ್ಲಿ! ಚೆನ್ನಾಗದೆ ಬಿಡು. ನಮ್ಮ ಯಜಮಾನ್ರ ಬಾಯಾರಿಕೇನೂ ಹಿಂಗೇ ಯಾರಿಗಾದ್ರೂ ದಾಟಿಸೋ ಹಂಗಿದ್ರೆ ಕೇಳಕ್ಕ, ಇವತ್ತೇ ಕಾಳು ಹಾಕಿಸ್ಬುಡ್ತೀನಿ."

ಸುತ್ತಲಿನ ಹೆಂಗಸರು ನಕ್ಕರು. ದೇವೀರಮ್ಮನೂ ನಕ್ಕು ಬಾಟಲಿ ಎತ್ತಿ ನೀರು ಕುಡಿದಳು. ಅದು ನೀರಿಗೆ ಬಗ್ಗಲಿಲ್ಲ. ಶಕುಂತಲ ಕೊಟ್ಟ ಬಿಸ್ಕತ್ತಿಗೂ ಬಗ್ಗಲಿಲ್ಲ. ಕತ್ತಲಾಗಿ ಮನೆಯ ಬಾಗಿಲು ತಟ್ಟಿ, ಒಳಗಿಂದ ಮಗಳು ಚಿಲಕ ತೆಗೆದಾಗ ತಾನಾಗಿಯೇ ಇಳಿಯಿತು.

ಮರುದಿನವೂ ಅದೇ ಹೊತ್ತಿಗೆ ಬಂತು. ಆಟದ ಪೀರಿಯಡ್ಡಿರುವ ಬುಧವಾರ ಬೆಳಿಗ್ಗೆಯೂ ಒಂದು ಸಲ ಬಂತು.

ಇಲ್ಲಿ ದೇವೀರಮ್ಮ ಒಂದು ತಪ್ಪು ಮಾಡಿದಳು. ಅವಳಂಥ ಹೆಂಗಸು ಮಾತ್ರ ಮಾಡಬಹುದಾದ ತಪ್ಪು. ಮದುವೆಯಾದಾಗಿನಿಂದ ಅವಳು ಶನಿವಾರದ ಒಪ್ಪತ್ತು ಬಿಟ್ಟವಳಲ್ಲ, ಒಂದೇ ಹೊತ್ತು ಉಂಡು ದಿನ ಕಳೆಯುತ್ತಿದ್ದಳು. ಒಪ್ಪತ್ತಿಗೆ ಒಂದು ನೇಮವಿದೆ. ಹಸಿದರೂ ಹಸಿವು ಎನ್ನಬಾರದು. ಬಾಯಿಬಿಟ್ಟು ಹೇಳಿಕೊಂಡರೆ ಫಲ ಅಲ್ಲಿಗೇ ಸೋರಿಹೋಗುತ್ತದೆ. ಮಗಳ ಹಸಿವನ್ನೂ ಅವಳು ಹಾಗೆಯೇ ಹೊತ್ತಳು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ನನ್ನ ಕೂಸು ಮೊದಲಿನಂತಾಗಲಿ, ಇದು ಎಷ್ಟಾದರೂ ಬರಲಿ, ತುಟಿ ಬಿಚ್ಚುವುದಿಲ್ಲ ಎಂದುಕೊಂಡಳು.

ವಾರಕ್ಕೊಮ್ಮೆ ನರ್ಸಿನ ಫೋನು ಬರುತ್ತಿತ್ತು.

"ಹೇಗಿದ್ದೀರಾ ದೇವೀರಮ್ಮ? ಹಸಿವು ಯಾವಾಗ ಬರುತ್ತೆ, ಹೇಗಿರುತ್ತೆ, ಸ್ವಲ್ಪ ಹೇಳ್ತೀರಾ?"

"ಏನಿಲ್ಲ ಕಣವ್ವ. ಚೆನ್ನಾಗಿವ್ನಿ. ಹಸಿವು ಅಂದ್ಮೇಲೆ ಹಸಿವಿನಂಗೇ ಇರ್ತದೆ."

"ತಡ್ಕೊಳ್ಳೋಕೆ ಆಗುತ್ತಾ?"

"ಅಯ್ಯೋ, ನಮಗೆಂಥದು."

ಫೋನಿಟ್ಟ ಮೇಲೆ ಅವಳಿಗೆ ಒಂದು ದಿನದ ವ್ರತ ಸಾಂಗವಾದಷ್ಟು ಸಮಾಧಾನವಾಗುತ್ತಿತ್ತು.

ಮಗಳು ಇಳಿಯುತ್ತ ಬಂದಳು. ಆಸ್ಪತ್ರೆಯವರು ಹೇಳಿದ ಹೊತ್ತಿಗೆ ಹೇಳಿದಷ್ಟು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಕಪಾಟಿನಲ್ಲಿಟ್ಟ ಪೊಟ್ಟಣಗಳು ಹಾಗೇ ಮೆತ್ತಗಾಗಿ ಕೋಳಿಗಳ ಪಾಲಾದವು. ಗಲ್ಲ ಇಳಿದು ಹಳೆಯ ಮುಖ ಮೇಲಕ್ಕೆ ಬಂತು. ಕೆಂಪಮ್ಮ ಮೊಮ್ಮಗಳನ್ನು ಬೆಳಕಿಗೆ ನಿಲ್ಲಿಸಿ ತಿರುಗಿಸಿ ನೋಡಿ ಲಟಿಕೆ ಮುರಿದು ದೃಷ್ಟಿ ತೆಗೆದಳು. "ನನ್ನ ರೂಪೇ ಬಂದದೆ ನೋಡಮ್ಮಿ. ನಾನೂ ಹರೇದಲ್ಲಿ ಹಿಂಗೇ ಇದ್ದಿದ್ದು." ವ್ಯಾನಿನ ಹುಡುಗರು ಬೇರೆ ಥರ ನೋಡತೊಡಗಿದರು. ಇಂಚರ ಅದಕ್ಕೂ ನಗಲಿಲ್ಲ, ಸಿಟ್ಟೂ ಆಗಲಿಲ್ಲ.

ದೇವೀರಮ್ಮ ಗಮನಿಸಿದಳು. ಮೊದಲು ಬಾಗಿಲು ತಟ್ಟಿದರೆ ಒಳಗಿಂದ ಧಡಧಡನೆ ಕಾಲ ಸಪ್ಪಳ ಬರುತ್ತಿತ್ತು. "ಎಷ್ಟೊತ್ತವ್ವ! ಏನ್ ತಂದೆ?" ಎಂದು ಬ್ಯಾಗಿಗೆ ಕೈ ಹಾಕುತ್ತಿದ್ದಳು. ಬ್ಯಾಗು ಒಂದು ನೆಪ, ಅವ್ವನ ಹೆಗಲಿಗೆ ತಲೆ ಒತ್ತಿ ನಿಲ್ಲುತ್ತಿದ್ದಳು. ಈಗ ಚಿಲಕ ನಿಧಾನಕ್ಕೆ ತೆರೆಯುತ್ತಿತ್ತು. "ಬಂದ್ಯಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ಬುದ್ಧಿ ಬರುತ್ತಿದೆ ಎಂದುಕೊಂಡಳು ದೇವೀರಮ್ಮ.

ಐದನೇ ತಿಂಗಳಿಗೆ ಆಸ್ಪತ್ರೆಯಿಂದ ಕರೆ ಬಂತು, ತಾಯಿಯೊಬ್ಬಳೇ ಬರಲಿ ಎಂದು. ಡಾಕ್ಟರ್ ರೇಹಾನಾ ಅವಳನ್ನು ಗಾಜಿನ ಗೋಡೆಯೊಳಗೆ ಕರೆದುಕೊಂಡು ಹೋಗಿ ಒಂದು ಪರದೆಯ ಮುಂದೆ ಕೂರಿಸಿದರು. ಅದು ಇಂಚರಳ ಗೆರೆ. ಊಟದ ಹೊತ್ತಿನ ಅಲೆಗಳು ಸಣ್ಣ ಸಣ್ಣ ದಿಬ್ಬದ ಹಾಗಿದ್ದವು. ಸಂಜೆಯ ಅಲೆ ಮಾತ್ರ ಬೆಟ್ಟದ ಹಾಗೆ ಎದ್ದು ಕತ್ತಲಾದ ಮೇಲೆ ಇಳಿಯುತ್ತಿತ್ತು. ಪ್ರತಿ ದಿನವೂ ಅಷ್ಟೆ. ಭಾನುವಾರ ಇಲ್ಲ.

"ಇಷ್ಟು ದೊಡ್ಡ ಹಸಿವನ್ನ ನೀವು ಏನಿಲ್ಲ ಅಂತ ಹೇಳ್ತಾ ಬಂದಿದ್ದೀರಿ," ಎಂದರು ಡಾಕ್ಟರು. "ನಾವು ಬಹುಶಃ ಹೊಟ್ಟೆ ಹಸಿವೇ ಇರಬೇಕು ಅಂದ್ಕೊಂಡು ಅವಳ ತಿಂಡಿ ಹೊತ್ತು ಹಿಂದೆ ಮುಂದೆ ಮಾಡಿ ನೋಡಿದ್ವಿ. ಏನೂ ಪ್ರಯೋಜನ ಆಗಲಿಲ್ಲ. ಈಗಲಾದರೂ ಹೇಳಿ. ಇದು ಎಂಥದ್ದು?"

ಪರದೆಯ ಮೇಲೆ ತನ್ನ ಮಗಳ ಸಂಜೆಗಳನ್ನೆಲ್ಲ ಒಟ್ಟಿಗೆ ನೋಡಿ ದೇವೀರಮ್ಮನ ನೇಮ ಸಡಿಲವಾಯಿತು.

"ಅದು ಹೊಟ್ಟೇದಲ್ಲ ಅನ್ನಸ್ತದೆ ಮೇಡಂ. ಉಂಡ್ರೂ ಹೋಗಕಿಲ್ಲ. ಎದೆ ಕೆಳಗೆ ಖಾಲಿ ಖಾಲಿ ಆಯ್ತದೆ. ನಾನು ಮಿಷನ್ ಮುಂದೆ ಕೂತಿದ್ರೂ ಬಾಗ್ಲು ಕಡೆ ನೋಡ್ಬೇಕು ಅನ್ನಸ್ತದೆ, ಅಲ್ಲಿ ಬಾಗ್ಲೇ ಇಲ್ಲ. ಯಾರಾದ್ರೂ ನಡ್ಕಂಡು ಬಂದ್ರೆ ಎದ್ದು ನಿಲ್ಲಂಗಾಯ್ತದೆ. ಬಾಯಲ್ಲಿ ನೀರೂರಕಿಲ್ಲ, ಕಣ್ಣಲ್ಲಿ ಊರ್ತದೆ. ನಾನು ಮನೆ ಬಾಗ್ಲು ತಟ್ಟಿದ್ರೆ ಹೋಯ್ತದೆ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಪರದೆಯನ್ನು ಆರಿಸಿದರು. "ಇದನ್ನ ಮೊದಲನೇ ವಾರ ಹೇಳಿದ್ದಿದ್ದರೆ," ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೆತ್ತಗೆ, "ಇನ್ನೂ ಒಂದು ತಿಂಗಳಿದೆ. ಸಂಜೆ ಮನೇಲಿರಿ. ಅವಳನ್ನ ಆಟಕ್ಕೆ ಬಿಡಿ. ವಾಪಸ್ ಕೊಡೋ ದಿನ ಅವಳು ಹೂಂ ಅನ್ನಬೇಕು, ಅಷ್ಟೆ," ಎಂದರು.

ದೇವೀರಮ್ಮ ಆ ವಾರವೇ ಗಾರ್ಮೆಂಟ್ಸ್ ಬಿಟ್ಟಳು. ಮನೆಯ ಪಡಸಾಲೆಯಲ್ಲಿ ಹಳೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಊರವರ ರವಿಕೆ ಹೊಲಿಯಲು ಕೂತಳು. ಗಂಡ ಟ್ಯಾಂಕರಿನಿಂದ ಇಳಿದು ಬಂದು ವಿಷಯ ಕೇಳಿ, "ಹೆಂಗೋ ಆಯ್ತದೆ ಬಿಡು" ಎಂದ. ಕೆಂಪಮ್ಮ ಮಾತ್ರ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು.

"ಬಯಲಿಗೆ ಬಿಡ್ತೀಯಾ? ನಾಳೆ ಏನಾದ್ರೂ ಆದ್ರೆ ಯಾರ ಮಾನ ಹೋಗೋದು?"

"ಚಿಲಕ ಹಾಕಿದ್ದಕ್ಕೇ ಎಲ್ಲಾ ಆಗಿರೋದು ಕಣತ್ತೆ," ಎಂದಳು ದೇವೀರಮ್ಮ. ಅತ್ತೆಯ ಮುಖ ನೋಡಿ ಅವಳು ಮಾತಾಡಿದ್ದು ಅದೇ ಮೊದಲು. "ನಾನೇ ಬಯಲಲ್ಲಿ ಕೂತು ಕಾಯ್ತೀನಿ. ನೀವೂ ಬಂದು ಕೂತ್ಕಳಿ, ಇಬ್ರೂ ಎಲೆ ಅಡಿಕೆ ಹಾಕ್ಕಂಡು ನೋಡುವ."

ಸೋಮವಾರ ಸಂಜೆ ಅವಳು ಅವರೆಕಾಳಿನ ಉಪ್ಪಿಟ್ಟು ಮಾಡಿ, ಮುಖ ತೊಳೆದು, ಹೂ ಮುಡಿದು ಜಗಲಿಯ ಮೇಲೆ ಕೂತಳು. ದೂರದಲ್ಲಿ ವ್ಯಾನಿನ ಹಾರನ್ನು ಕೇಳಿದ್ದೇ ಎದೆಯ ಕೆಳಗೆ ಅದು ಎದ್ದಿತು. ಈಗ ಅದರ ಹೆಸರು ಅವಳಿಗೆ ಗೊತ್ತಿತ್ತು. ವ್ಯಾನು ನಿಂತಿತು. ತಿರುವಿನಲ್ಲಿ ಮಗಳು ಕಾಣಿಸಿದಳು, ತೆಳ್ಳಗೆ, ನೆಟ್ಟಗೆ. ದೇವೀರಮ್ಮ ಎದ್ದು ನಿಂತಳು.

"ಇವತ್ತು ಕೆಲ್ಸ ಇಲ್ವಾ?" ಎಂದಳು ಇಂಚರ.

"ಬಿಟ್ಬುಟ್ಟೆ ಕಣ್ ಮಗಾ. ಇನ್ಮೇಲೆ ದಿನಾ ನೀನು ಬರೋ ಹೊತ್ಗೆ ಇಲ್ಲೇ ಇರ್ತೀನಿ."

"ಯಾಕವ್ವ? ಈಗ ನಂಗೇನೂ ತೊಂದ್ರೆ ಇಲ್ವಲ್ಲ."

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು. ಗಡಿಯಾರ ನೋಡಿ, "ಉಪ್ಪಿಟ್ಟು ಆರೂವರೆಗೆ ತಿಂತೀನಿ, ಈಗ ನನ್ನ ಹೊತ್ತಲ್ಲ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.

"ಖೊಖೊ ಆಡೋಕೆ ಹೋಗಮ್ಮಣ್ಣಿ. ನಾನೂ ಬತ್ತೀನಿ. ಹುಡುಗೀರೆಲ್ಲಾ ಬಂದವ್ರೆ ಬಯಲಿಗೆ."

"ನೀನು ಹೋಗು ಅಂದ್ರೆ ಹೋಯ್ತೀನಿ."

ಹೋದಳು. ಅಂಕಣದಲ್ಲಿ ಹೇಳಿದ ಕಡೆ ಕೂತಳು. ಯಾರೋ ಬೆನ್ನಿಗೆ ತಟ್ಟಿ ಖೋ ಎಂದಾಗ ಎದ್ದು ಓಡಿದಳು. ಸಿಕ್ಕವರನ್ನು ಮುಟ್ಟಿದಳು, ಸಿಗದಿದ್ದರೆ ನಿಂತಳು. ಬಯಲಿನ ಅಂಚಿನಲ್ಲಿ ಕೂತ ದೇವೀರಮ್ಮನ ಎದೆಯಲ್ಲಿ ಮಾತ್ರ, ಅಟ್ಟಿಸಿ ಹಿಡಿಯಬೇಕೆನ್ನುವ ಹಸಿವು ಕುದಿಯುತ್ತಿತ್ತು. ನಲವತ್ತು ಸಮೀಪಿಸಿದ ಹೆಂಗಸು, ಸೆರಗು ಕಟ್ಟಿ ಎದ್ದು ಓಡಿಬಿಡಲೇ ಅನ್ನಿಸಿ ನೆಲದ ಗರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು.

ತಿಂಗಳೆಲ್ಲ ಹಾಗೇ ಕಳೆಯಿತು. ಅವ್ವ ಕರೆದರೆ ಮಗಳು ಬರುತ್ತಿದ್ದಳು, ತಲೆ ಬಾಚಿಸಿಕೊಳ್ಳುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಕರೆಯದಿದ್ದರೆ ಬರುತ್ತಿರಲಿಲ್ಲ.

ವಾಪಸ್ ಕೊಡುವ ದಿನ ಡಾಕ್ಟರ್ ರೇಹಾನಾ ತಾಯಿಯನ್ನು ಪಕ್ಕಕ್ಕೆ ಕೂರಿಸಿ ಹುಡುಗಿಯ ಎದುರು ತಾವೇ ಕುರ್ಚಿ ಎಳೆದುಕೊಂಡರು.

"ಇಂಚರ, ಮನೆ ಈಗ ಮೊದಲಿನ ಹಾಗಿಲ್ಲ. ಅಮ್ಮ ಇರ್ತಾರೆ, ಆಟ ಇದೆ. ನಿನ್ನ ಹಸಿವು ನಿನಗೇ ಬಂದರೆ ಅದು ಮೊದಲಿನ ಹಾಗೆ ನಿನ್ನಿಂದ ತಿನ್ನಿಸಲ್ಲ, ನಿನ್ನ ಬದುಕಿಸುತ್ತೆ. ವಾಪಸ್ ತಗೋತೀಯಾ?"

ಇಂಚರ ಯೋಚಿಸಿ ಮಾತಾಡಿದಳು.

"ಅದು ಹೆಂಗಿತ್ತು ಅಂತ ಈಗ ಸರಿಯಾಗಿ ಗ್ಯಾಪಕಕ್ಕೆ ಬರಕಿಲ್ಲ ಮೇಡಂ. ಚಿಲಕ ಹಾಕ್ಕಂಡು ಬಾಗ್ಲ ಹಿಂದೇನೇ ಕೂತಿರ್ತಿದ್ದೆ, ಅದು ಗೊತ್ತು. ಬಸ್ಸಿನ ಸದ್ದು ಕೇಳೋಗಂಟ ತಿಂತಾ ಇರ್ತಿದ್ದೆ. ತುಂಬಾ ಕೆಟ್ಟದಾಗಿತ್ತು ಅನ್ನೋದು ಮಾತ್ರ ಗ್ಯಾಪಕ ಅದೆ. ಅದು ಮತ್ತೆ ಬ್ಯಾಡ."

"ಈಗ ಬಾಗ್ಲ ಹಿಂದೆ ಕೂರಂಗಿಲ್ಲ ಕಣ್ ಮಗಾ," ಎಂದಳು ದೇವೀರಮ್ಮ. "ಈಗ ನಾನಿವ್ನಿ ಕಣೆ."

"ಗೊತ್ತು ಕಣವ್ವ," ಎಂದಳು ಮಗಳು, ಸಮಾಧಾನ ಮಾಡುವವಳಂತೆ. "ಆದ್ರೂ ಬ್ಯಾಡ."

ಡಾಕ್ಟರು ಮತ್ತೆರಡು ಸಲ, ಬೇರೆ ಬೇರೆ ಮಾತಿನಲ್ಲಿ ಕೇಳಿದರು. ಉತ್ತರ ಅದೇ ಆಗಿತ್ತು. ಅವರು ಎದ್ದು ದೇವೀರಮ್ಮನ ಬಳಿ ಬಂದರು.

"ಅವಳು ಬೇಡ ಅಂದ ಮೇಲೆ ನಾನೇನೂ ಮಾಡೋಕಾಗಲ್ಲಮ್ಮ. ನಿಮ್ಮ ಕಾಳನ್ನ ತೆಗೆದುಬಿಡ್ತೀನಿ. ಈಗ ಅವಳ ನರ ಆ ದಾರಿ ಮರೀತಾ ಬಂದಿದೆ, ಇನ್ನು ಕೇಳೋರಿಲ್ಲ ಅಂದರೆ ಆ ಕೂಗು ತಾನಾಗೇ ಬತ್ತುತ್ತೆ. ಅವಳ ಆರೋಗ್ಯಕ್ಕೆ ಏನೂ ಆಗಲ್ಲ."

"ಅಂದ್ರೆ ಇನ್ನೂ ಕೂಗ್ತಾ ಅದೆಯಾ, ಅವಳೊಳಗೆ?"

"ಕೂಗ್ತಾ ಇರೋದಕ್ಕೇ ನಿಮಗೆ ಬರ್ತಾ ಇರೋದು."

ದೇವೀರಮ್ಮ ಕತ್ತಿನ ಮೇಲೆ ಕೈಯಿಟ್ಟುಕೊಂಡಳು, ಯಾರೋ ತಾಳಿಗೆ ಕೈ ಹಾಕಿದರೇನೋ ಎಂಬಂತೆ. "ತೆಗೀಬ್ಯಾಡಿ. ಇರ್ಲಿ. ನಾನು ಇರಗಂಟ ನಾನೇ ಕೇಳಿಸ್ಕತೀನಿ."

ಊರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಗಳು, ಈ ಬದಿಗೆ ತಾಯಿ ಕೂತರು. ಒಬ್ಬರ ಸೀಟಿನಲ್ಲೂ ಜಾಗ ಮಿಗುವಷ್ಟು ಇಂಚರ ಸಣ್ಣಗಾಗಿದ್ದಳು. ಹೊರಗೆ ಕಬ್ಬಿನ ಗದ್ದೆ, ನಾಲೆ, ಮತ್ತೆ ಕಬ್ಬು. ನಾಲೆಯ ಸೇತುವೆ ದಾಟುವಾಗ ಅದು ಬಂತು. ಎದೆಗೂಡಿನ ಕೆಳಗೆ ಕೈ ಹಾಕಿ ಬಗೆಯಿತು. ದೇವೀರಮ್ಮ ಬಾಗಿಲ ಕಡೆ ನೋಡಲಿಲ್ಲ. ನೋಡಬೇಕಾದವಳು ಪಕ್ಕದಲ್ಲೇ ಇದ್ದಳು.

"ಮಗಾ," ಎಂದಳು ಮೆಲ್ಲಗೆ. "ನಿಂಗೆ ಹಸೀತಾ ಅದೆ ಕಣೆ."

ಇಂಚರ ತಿರುಗಿ ನೋಡಿದಳು. ಬೇರೆಯವರ ಮನೆಯ ಮುಂದೆ ನಿಂತು ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವವಳಂತೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಲಿಸಿದಳು.

"ಇಲ್ಲ ಕಣವ್ವ," ಎಂದಳು. "ನಂಗೇನೂ ಗೊತ್ತಾಯ್ತಿಲ್ಲ."

ದೇವೀರಮ್ಮ ಸರಿದು ಅವಳಿಗೆ ಒತ್ತಿ ಕೂತಳು. ಭುಜಕ್ಕೆ ಭುಜ ತಾಗಿತು. ಮಗಳು ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದಳು. ತಾಯಿಯ ಎದೆಯೊಳಗೆ ಹಸಿವು ಸ್ವಲ್ಪ ಇಳಿಯಿತು.